ಮೂರನೇ ಮಹಡಿಯ ಬಾಗಿಲು

ವಾಲ್ದಿವಿಯಾ,
೧೧ ಮಾರ್ಚ್ ೨೦೦೩

ಸುನಿಲ್ದಾ,

ಹೊಸ ವರ್ಷದ ಕಾರ್ಡು ಬಿಟ್ಟರೆ ನಾನು ನಿನಗೆ ಬರೆದವಳಲ್ಲ. ಇವತ್ತು ಬರೆಯುತ್ತಿದ್ದೇನೆ. ಸಿಟ್ಟಿನಲ್ಲಿ ಅಕ್ಷರ ಸೊಟ್ಟಗಾಗಿದ್ದರೆ ಹೇಗಾದರೂ ಓದಿಕೋ.

ನಮ್ಮ ಹಳೆಯ ಟೆಲಿಫೋನ್ ಎಕ್ಸ್‌ಚೇಂಜ್ ಹೋಟೆಲ್ ಆಗುತ್ತಿದೆ.

ನೀನು ಆ ಕಟ್ಟಡವನ್ನು ಕಣ್ಣಾರೆ ಕಂಡಿಲ್ಲ. ಒಸೊರ್ನೊ ಊರಿನ ನಿನ್ನ ಸ್ವಿಚ್‌ಬೋರ್ಡಿನ ಮುಂದೆ ಕೂತು ಆರು ವರ್ಷ ಅದರೊಳಗಿನ ಸದ್ದು ಕೇಳಿದ್ದೀಯ, ಅಷ್ಟೆ. ೧೯೧೨ರಲ್ಲಿ ಕಟ್ಟಿದ್ದು. ಮೂರು ಮಹಡಿ, ಎರಡಾಳೆತ್ತರದ ಕಿಟಕಿಗಳು, ನೆತ್ತಿಯ ಮೇಲೆ ಸತುವಿನ ಗುಮ್ಮಟ. ೧೯೬೦ರ ಭೂಕಂಪವಾದ ಮೇಲೆ ಕಂಪನಿ ಅದನ್ನು ಬಿಟ್ಟು ಹೋಯಿತು. ಕೆಲವು ವರ್ಷ ಕೆಳಮಹಡಿಯಲ್ಲಿ ತಂತಿಯ ಸುರುಳಿಗಳನ್ನು ತುಂಬಿಟ್ಟಿದ್ದರು. ಆಮೇಲೆ ಸೈನಿಕರು ಯಾವುದೋ ಕಾಗದಪತ್ರ ತಂದು ಸುರಿದರು. ಆಮೇಲೆ ಯಾರೂ ಇಲ್ಲ. ಪಾರಿವಾಳಗಳು, ಕುಡುಕರು, ಕಿಟಕಿಯ ಕಟ್ಟೆಯ ಮೇಲೆ ಬೇರುಬಿಟ್ಟ ಮುಳ್ಳುಪೊದೆ. ನಲವತ್ಮೂರು ವರ್ಷ ನಾನು ಎದುರುಗಡೆಯ ಫುಟ್‌ಪಾತಿನಲ್ಲೇ ನಡೆದೆ. ಈ ಬದಿಗೆ ದಾಟಲಿಲ್ಲ.

ಕಳೆದ ಗುರುವಾರ ಒಬ್ಬ ಬಂದು ಬಾಗಿಲು ತಟ್ಟಿದ. ಕ್ರಿಸ್ತೋಬಾಲ್ ಅನ್ಸೊರೆನಾ ಅಂತೆ, ರಾಜಧಾನಿ ಸಾಂತಿಯಾಗೊದವನು. ಮೂವತ್ತೈದರ ಆಸುಪಾಸು, ಕತ್ತಿಗೆ ಮಫ್ಲರ್, ಕಂಕುಳಲ್ಲಿ ನಕ್ಷೆಗಳ ಸುರುಳಿ.

"ದೋನ್ಯಾ ನೊಲ್ಫಾ, ಆ ವೀರಯುವತಿಯ ಅಕ್ಕ ನೀವೇ ಅಲ್ವಾ? ನಿಮ್ಮನ್ನ ಹುಡುಕ್ಕೊಂಡು ಎಷ್ಟು ಅಲೆದೆ ಗೊತ್ತಾ!"

ಕೂರಿಸಿ ಚಹಾ ಕೊಟ್ಟೆ, ನನ್ನ ಬುದ್ಧಿಗಿಷ್ಟು. ಮೇಜಿನ ಮೇಲಿದ್ದ ಸೇಬಿನ ಕೇಕನ್ನು ಪಕ್ಕಕ್ಕೆ ತಳ್ಳಿ ನಕ್ಷೆ ಬಿಚ್ಚಿದ. ಮೂರನೇ ಮಹಡಿ, ನಾವೆಲ್ಲ ಕೂರುತ್ತಿದ್ದ ಬೋರ್ಡುಗಳ ಹಜಾರ, ಇನ್ನು ಮುಂದೆ ಬಾರ್. ಹೆಸರು 'ಕೊನೆಯ ಕರೆ'. ಬಡಿಸುವ ಹುಡುಗಿಯರು ನಮ್ಮ ಹಾಗೆ ತಲೆಗೆ ಹೆಡ್‌ಫೋನ್ ಹಾಕಿಕೊಂಡು, ನಮ್ಮ ಹಾಗೆ ಬೂದು ಲಂಗ ತೊಟ್ಟು ಓಡಾಡುತ್ತಾರೆ. ಬಾಟಲಿಗಳ ಹಿಂದಿನ ಗೋಡೆಯ ತುಂಬ ನನ್ನ ತಂಗಿ ಫ್ರೆಸಿಯಾಳ ಚಿತ್ರ. ಕೆಳಗೆ ಚಿನ್ನದ ಅಕ್ಷರದಲ್ಲಿ: "ನಾನು ನನ್ನ ಜಾಗ ಬಿಟ್ಟು ಕದಲುವುದಿಲ್ಲ."

"ಒಂದೊಳ್ಳೆ ಫೋಟೋ ಇದ್ರೆ ಕೊಡಿ ಅಜ್ಜಿ. ನಗ್ತಾ ಇರೋದಾದ್ರೆ ಇನ್ನೂ ಚೆಂದ."

"ಸತ್ತೋಳ ಕೆಳಗೆ ಕೂತ್ಕೊಂಡು ಜನ ಕುಡೀತಾರಾ?"

"ಗೌರವದಿಂದ ಕುಡೀತಾರೆ," ಅಂದ.

ಚಹಾ ಮುಗಿಸಲು ಬಿಡಲಿಲ್ಲ ಅವನನ್ನು. ನಕ್ಷೆಯ ಜೊತೆ ಮೆಟ್ಟಿಲಿಳಿಸಿದೆ.

ಸುನಿಲ್ದಾ, ಆ ಭಾನುವಾರ ಮೊದಲ ನಡುಕ ಬಂದಿದ್ದು ಮೂರಕ್ಕೆ ಐದು ನಿಮಿಷ ಇರುವಾಗ. ಊರಿಗೆ ಊರೇ ಬೀದಿಗಿಳಿಯಿತು, ಅದರಿಂದಲೇ ಸಾವಿರಾರು ಮಂದಿ ಬದುಕಿದರು. ದೊಡ್ಡದು ಬಂದಿದ್ದು ಮೂರೂ ಹನ್ನೊಂದಕ್ಕೆ. ನಡುವೆ ಹದಿನಾರು ನಿಮಿಷ. ಮೂರನೇ ಮಹಡಿಯ ಮೂರು ಹುಡುಗಿಯರು ಮಾತ್ರ ಇಳಿಯಲಿಲ್ಲ, ಯಾಕೆಂದರೆ ಹೊರಗಿನಿಂದ ಬೀಗ ಬಿದ್ದಿತ್ತು. ಒತಿಲಿಯಾ, ಮಗಾಲಿ ಇಬ್ಬರೂ ಕಿಟಕಿಯಿಂದ ಪಕ್ಕದ ಮಾಡಿಗೆ ಹಾರಿ ಮೂಳೆ ಮುರಿದುಕೊಂಡರು. ಫ್ರೆಸಿಯಾ ತೊಲೆಯ ಕೆಳಗೆ ಸಿಕ್ಕಳು. ಹತ್ತೊಂಬತ್ತು ವರ್ಷ.

ಹದಿನೈದು ದಿನದ ಮೇಲೆ ಪತ್ರಿಕೆಯಲ್ಲಿ ಆ ಚಿನ್ನದಕ್ಷರದ ಮಾತು ಬಂತು. ತಂತಿಯ ಆ ತುದಿಯಲ್ಲಿದ್ದು ಅದನ್ನು ಕೇಳಿಸಿಕೊಂಡವಳು ಒಸೊರ್ನೊದ ಆಪರೇಟರ್ ಸುನಿಲ್ದಾ ಬಾರಿಯೆಂತೊಸ್ ಎಂದಿತ್ತು. ಇಷ್ಟು ವರ್ಷ ನಾನು ನಿನ್ನನ್ನು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಅವಳು ಆ ಮಾತು ಹೇಳಿದಳೇ? ಹೌದು ಅಥವಾ ಇಲ್ಲ, ಅಷ್ಟು ಬರೆ.

ನೊಲ್ಫಾ ಓಯಾರ್ಸೊ


ಆಂತೊಫಗಾಸ್ತಾ,
೨ ಏಪ್ರಿಲ್ ೨೦೦೩

ಪ್ರೀತಿಯ ನೊಲ್ಫಾ,

ನಿನ್ನ ಪತ್ರ ಬಂದು ಎರಡು ವಾರವಾಯಿತು. ಮೊಮ್ಮಗಳಿಗೆ ಸೀತಾಳೆ ಸಿಡುಬು, ನನಗೆ ಮೊಣಕಾಲು, ಹೀಗಾಗಿ ತಡವಾಯಿತು. ಇಲ್ಲಿ ಎಂದಿನಂತೆ ಧೂಳು. ಮಳೆ ನೋಡಿ ಮೂರು ವರ್ಷವಾಯಿತು ಅಂದರೆ ನೀನು ನಂಬಲಿಕ್ಕಿಲ್ಲ. ಕಿಟಕಿ ತೆರೆದರೆ ಒಂದು ಕಡೆ ಮರಳುಗಾಡು, ಇನ್ನೊಂದು ಕಡೆ ಕಡಲು, ನಡುವೆ ನನ್ನ ಬಟ್ಟೆ ಒಣಗುವ ಹಗ್ಗ.

ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ. ಒಡಹುಟ್ಟಿದವಳ ನೆನಪು ಹಾಗೆಲ್ಲ ಆರುವುದಲ್ಲ. ಆದರೆ ನೊಲ್ಫಾ, ಪಾಳುಬಿದ್ದಿದ್ದ ಜಾಗಕ್ಕೆ ದೀಪ ಬರುತ್ತದೆ, ಜನ ಬರುತ್ತಾರೆ, ಅವಳ ಮುಖ ನೋಡುತ್ತಾರೆ. ಪಾರಿವಾಳದ ಹಿಕ್ಕೆಗಿಂತ ಅದು ಮೇಲಲ್ಲವೇ? ಆ ಯುವಕ ಒರಟಾಗಿ ಮಾತಾಡಿರಬಹುದು, ಸಾಂತಿಯಾಗೊದವರು ಮಾತಾಡುವುದೇ ಹಾಗೆ. ಒಂದು ಫೋಟೋ ಕೊಟ್ಟುಬಿಡು. ನಮ್ಮ ವಯಸ್ಸಿಗೆ ಇಷ್ಟು ಸಿಟ್ಟು ಒಳ್ಳೆಯದಲ್ಲ, ರಕ್ತದೊತ್ತಡ ಏರುತ್ತದೆ.

ಸಂಜೆ ಚಹಾದ ಹೊತ್ತಿಗೆ ನಿನ್ನ ನೆನಪು ಮಾಡಿಕೊಳ್ಳುತ್ತಿರುತ್ತೇನೆ.

ಸುನಿಲ್ದಾ


ವಾಲ್ದಿವಿಯಾ,
೯ ಏಪ್ರಿಲ್ ೨೦೦೩

ಸುನಿಲ್ದಾ,

ನಾನು ನಿನ್ನ ಮೊಣಕಾಲಿನ ಬಗ್ಗೆ ಕೇಳಿರಲಿಲ್ಲ.

ಎರಡು ಪುಟ ಬರೆದಿದ್ದೀಯ. ಹೌದು ಅನ್ನುವುದಕ್ಕೆ ಎರಡಕ್ಷರ ಸಾಕು, ಇಲ್ಲ ಅನ್ನುವುದಕ್ಕೂ ಎರಡೇ. ಎರಡು ಪುಟದಲ್ಲಿ ಆ ಎರಡಕ್ಷರಕ್ಕೆ ಜಾಗ ಸಿಗಲಿಲ್ಲವೇ?

ಸಂಕಟ ಅಂತೆ! ನನಗಿರುವುದು ಸಿಟ್ಟು. ಅದನ್ನು ಸಂಕಟ ಅಂತ ಕರೆದು ನನ್ನ ಬೆನ್ನು ತಟ್ಟಬೇಡ.

ನಿನ್ನ ಆ ಒಂದು ವಾಕ್ಯದಿಂದ ಏನೇನಾಯಿತು ಗೊತ್ತೇ? ಮಗಾಲಿ ಮತ್ತು ಒತಿಲಿಯಾರನ್ನು ಕೆಲಸದಿಂದ ಕಿತ್ತು ಹಾಕಿದರು. ಕಾರಣ: ಜಾಗ ಬಿಟ್ಟು ಕದಲಿದ್ದು. ಸತ್ತವಳು ಕದಲಲಿಲ್ಲ, ನೀವು ಯಾಕೆ ಕದಲಿದಿರಿ ಅಂತ ಒತಿಲಿಯಾಳ ಆಸ್ಪತ್ರೆಯ ಮಂಚದ ಪಕ್ಕದಲ್ಲೇ ನಿಂತು ಕಾಗದ ಓದಿದರು. ಸೊಂಟ ಮುರಿದ ಹುಡುಗಿ. ಆಮೇಲೆ ಮೂವತ್ತು ವರ್ಷ ಅವಳು ನದೀ ದಂಡೆಯ ಮಾರುಕಟ್ಟೆಯಲ್ಲಿ ಮೀನು ಸೀಳಿದಳು. ಕರುಳನ್ನು ಹಿಂದಕ್ಕೆಸೆದು ಕಡಲಸಿಂಹಗಳಿಗೆ ಹಾಕುತ್ತ, "ತಿನ್ರೋ, ನೀವಾದ್ರೂ ಜಾಗ ಬಿಟ್ಟು ಕದಲ್ಬೇಡಿ" ಅನ್ನುತ್ತಿದ್ದಳು. ಮಗಾಲಿ ೮೮ರಲ್ಲಿ ಸತ್ತಳು. ನಮ್ಮಮ್ಮನ ಕತ್ತಿಗೆ ಒಂದು ಪದಕ ನೇತುಹಾಕಿದರು. ಅಮ್ಮ ಅದನ್ನು ಧರಿಸಿಕೊಂಡೇ ಹುಚ್ಚಿಯಾದಳು.

ನಿನಗೆ? ವರ್ಷ ತುಂಬುವುದರೊಳಗೆ ಉತ್ತರಕ್ಕೆ ವರ್ಗ, ಮೇಲ್ವಿಚಾರಕಿಯ ಕುರ್ಚಿ. ಇದೆಲ್ಲ ನನಗೆ ಗೊತ್ತಿಲ್ಲ ಅಂದುಕೊಂಡಿದ್ದೆಯಾ? ಗೊತ್ತಿದ್ದೇ ನಲವತ್ಮೂರು ವರ್ಷ ನಿನ್ನ ಕಾರ್ಡುಗಳನ್ನು ಕಪಾಟಿನ ಮೇಲೆ ನಿಲ್ಲಿಸಿದ್ದೆ.

ಆ ಅನ್ಸೊರೆನಾ ಆಮಂತ್ರಣ ಕಳಿಸಿದ್ದಾನೆ. ಮೇ ೨೨ರಂದೇ ಉದ್ಘಾಟನೆ, ಅವಳು ಸತ್ತ ದಿನ. ರಿಬ್ಬನ್ ಕತ್ತರಿಸಬೇಕಂತೆ ನಾನು. ಹರಿದು ಒಲೆಗೆ ಹಾಕಿದೆ.

ಅವತ್ತು ಬೀಗ ಹಾಕಿದವರು ಕೊಲೆಗಾರರು. ಆ ಬೀಗವನ್ನು ಚಿನ್ನದಕ್ಷರದಲ್ಲಿ ಮುಚ್ಚಿದವಳು ನೀನು. ಹೇಳು, ಫ್ರೆಸಿಯಾ ಏನಂದಳು?

ನೊಲ್ಫಾ


ಆಂತೊಫಗಾಸ್ತಾ,
೩೦ ಏಪ್ರಿಲ್ ೨೦೦೩

ನೊಲ್ಫಾ,

ಸರಿ, ಕೇಳು.

ಇಲ್ಲ. ಅವಳು ಆ ಮಾತು ಹೇಳಲಿಲ್ಲ.

ಜೂನ್ ನಾಲ್ಕನೇ ತಾರೀಖು ನಾನು ಒಸೊರ್ನೊದ ಚೌಕದಲ್ಲಿ ಒಂದು ಟೆಂಟಿನೊಳಗಿದ್ದೆ. ನೆಲ ಇನ್ನೂ ದಿನಕ್ಕೆ ಹತ್ತು ಸಲ ನಡುಗುತ್ತಿತ್ತು. ಪ್ರತಿ ನಡುಕಕ್ಕೂ ನಾನು ಉಚ್ಚೆ ಹೊಯ್ದುಕೊಳ್ಳುತ್ತಿದ್ದೆ. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ, ಇಪ್ಪತ್ನಾಲ್ಕರ ಹೆಂಗಸು ಮಗುವಿನ ಹಾಗೆ. ಕಂಪನಿಯವನೊಬ್ಬ ಟೈಪು ಮಾಡಿದ ಕಾಗದ ಹಿಡಿದು ಬಂದ. "ಇದಕ್ಕೊಂದು ಸಹಿ ಹಾಕಮ್ಮ. ಆ ಹುಡುಗಿ ತಾಯಿಗೆ ಸಮಾಧಾನ ಆಗುತ್ತೆ. ನಿನ್ನನ್ನ ಉತ್ತರಕ್ಕೆ ಕಳಿಸ್ತೀವಿ, ಅಲ್ಲಿ ನೆಲ ಇಷ್ಟು ನಡುಗಲ್ಲ," ಅಂದ. ಹಾಕಿದೆ. ಒತಿಲಿಯಾ, ಮಗಾಲಿಯರ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಹಾಕುತ್ತಿದ್ದೆನೋ ಏನೋ.

ಇದು ನನ್ನ ಪಾಪ, ಒಪ್ಪಿಕೊಂಡೆ. ಆದರೆ ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುವವಳು ನೀನಾದ್ದರಿಂದ ಉಳಿದದ್ದನ್ನೂ ಕೇಳಿಸಿಕೋ. ಅವಳು ಹೇಳಿದ್ದು ಇದು:

"ಬಾಗಿಲಿಗೆ ಬೀಗ ಬಿದ್ದಿದೆ. ಹಾಕಿದ್ದು ನಮ್ಮಕ್ಕ."

ನಲವತ್ಮೂರು ವರ್ಷ ಈ ಮಾತನ್ನು ನನ್ನ ಗಂಡನಿಗೂ ಹೇಳಲಿಲ್ಲ, ಪಾದ್ರಿಗೂ ಹೇಳಲಿಲ್ಲ. ಒಂದು ತಿಂಗಳ ಹಿಂದಿನವರೆಗೂ, ನನ್ನ ಸುಳ್ಳು ನಿನ್ನನ್ನಾದರೂ ಕಾಪಾಡುತ್ತಿದೆ ಅಂದುಕೊಂಡು ನಿದ್ದೆ ಮಾಡುತ್ತಿದ್ದೆ. ನೀನು ಬರೆಯುತ್ತೀಯ, "ಬೀಗ ಹಾಕಿದವರು ಕೊಲೆಗಾರರು" ಅಂತ. ಹಾಕಿದವರು! ಯಾರವರು ನೊಲ್ಫಾ? ಹೆಸರು ಮರೆತುಹೋಯಿತೇ?

ಈಗ ನೀನು ಬರೆ. ಎರಡಕ್ಷರ ಸಾಕು.

ಸುನಿಲ್ದಾ


ಆಂತೊಫಗಾಸ್ತಾ,
೧೬ ಮೇ ೨೦೦೩

ನೊಲ್ಫಾ,

ನಿನ್ನಿಂದ ಸುದ್ದಿಯಿಲ್ಲ. ನೆರೆಮನೆಯವಳ ಸಹಾಯದಿಂದ ನಿನ್ನ ನಂಬರು ಹುಡುಕಿ ಎರಡು ಸಲ ಫೋನ್ ಮಾಡಿದೆ. ಒಂದು ಸಲ ಯಾರೂ ಎತ್ತಲಿಲ್ಲ. ಇನ್ನೊಂದು ಸಲ ನೀನು "ಹಲೋ" ಅಂದೆ, ನಾನೇ ಇಟ್ಟುಬಿಟ್ಟೆ. ಅದೇ ದನಿ. ಸ್ವಲ್ಪವೂ ಬದಲಾಗಿಲ್ಲ.

ನಾನು ಹಾಗೆ ಬರೆಯಬಾರದಿತ್ತು. ಬರೆದದ್ದು ಸುಳ್ಳಲ್ಲ, ಆದರೆ ಬರೆದ ರೀತಿ ಕೆಟ್ಟದ್ದು. ಹುಷಾರಾಗಿದ್ದೀಯಾ?

ಸುನಿಲ್ದಾ


ವಾಲ್ದಿವಿಯಾ,
೨೫ ಮೇ ೨೦೦೩

ಸುನಿಲ್ದಾ,

ಹೌದು. ನಾನೇ ಹಾಕಿದ್ದು.

ಆ ಏಪ್ರಿಲ್‌ನಲ್ಲಿ ನನ್ನನ್ನು ಸಹಾಯಕ ಮೇಲ್ವಿಚಾರಕಿ ಮಾಡಿದ್ದರು. ಇಪ್ಪತ್ತೆರಡು ವರ್ಷ, ಸೊಂಟದಲ್ಲಿ ಕೀಲಿಗೊಂಚಲು. ನಡೆದರೆ ಝಣಝಣ ಅನ್ನಬೇಕು ಅಂತ ಬೇಕಂತಲೇ ಸೊಂಟ ಕುಣಿಸಿ ನಡೆಯುತ್ತಿದ್ದೆ. ಹಿಂದಿನ ದಿನ ಕೊನ್ಸೆಪ್ಸಿಯೊನ್‌ನಲ್ಲಿ ಭೂಕಂಪವಾಗಿ ಉತ್ತರದ ತಂತಿಗಳು ಸತ್ತಿದ್ದವು. ಎಲ್ಲರೂ ನಮ್ಮ ಮೂಲಕವೇ ಮಾತಾಡಲು ಒದ್ದಾಡುತ್ತಿದ್ದರು. ಮೊದಲ ನಡುಕಕ್ಕೆ ಮೂವರೂ ಹುಡುಗಿಯರು ಎದ್ದು ನಿಂತರು. ಮೇಲ್ವಿಚಾರಕಿ ದೋನ್ಯಾ ರೆಬೆಕಾ ಮೆಟ್ಟಿಲ ಕೆಳಗಿನಿಂದ ಕೂಗಿದಳು: "ಮ್ಯಾನೇಜರ್ ಫೋನಲ್ಲಿದಾರೆ! ಒಂದು ಬೋರ್ಡೂ ಖಾಲಿ ಇರಬಾರದಂತೆ! ಬೀಗ ಹಾಕು ನೊಲ್ಫಾ, ಐದು ನಿಮಿಷ!"

ಹಾಕಿದೆ. ಅಳುಕಲೂ ಇಲ್ಲ. ಕೀಲಿ ಜೇಬಿಗಿಟ್ಟು, ಊರಿಗೆ ಏನಾಗಿದೆ ನೋಡೋಣ ಅಂತ ಬೀದಿಗಿಳಿದೆ. ಐದು ನಿಮಿಷವಾಯಿತು, ಹತ್ತಾಯಿತು. ಜನ ನಗುತ್ತಿದ್ದರು, ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿದ್ದರು, ನಾನೂ ನಿಂತು ಹರಟಿದೆ. ಹರಟಿದೆ, ಸುನಿಲ್ದಾ. ಆಮೇಲೆ ನಿಲ್ಲಲು ನೆಲವೇ ಇರಲಿಲ್ಲ.

ತನಿಖೆಯವರು ಬಂದಾಗ ದೋನ್ಯಾ ರೆಬೆಕಾ, "ಮೊದಲ ನಡುಕಕ್ಕೇ ಬಾಗಿಲು ಜಾಮ್ ಆಗಿತ್ತು," ಅಂದಳು. ನನ್ನನ್ನು ಕೇಳಿದರು. ತಲೆ ಆಡಿಸಿದೆ. ಹೆಡ್‌ಫೋನಿನ ಗದ್ದಲದಲ್ಲಿ ಏನೂ ಕೇಳಿಸದ ಒತಿಲಿಯಾ, ಮಗಾಲಿ ಇಬ್ಬರೂ ಬೀಗ ಹಾಕಿದ್ದು ರೆಬೆಕಾ ಅಂದುಕೊಂಡಿದ್ದರು. ನಾನು ತಿದ್ದಲಿಲ್ಲ. ರೆಬೆಕಾ ಸತ್ತ ಮೇಲೆ ಅವಳನ್ನು ಬೈಯುವುದು ಇನ್ನೂ ಸುಲಭವಾಯಿತು. ಫ್ರೆಸಿಯಾಗೂ ಗೊತ್ತಿರಲಿಕ್ಕಿಲ್ಲ ಅಂತ ನನ್ನನ್ನೇ ನಂಬಿಸಿಕೊಂಡಿದ್ದೆ. ನಿನ್ನ ಪತ್ರ ಬರುವವರೆಗೂ.

ಹನ್ನೆರಡು ದಿನ ಮನೆ ಬಿಟ್ಟು ಹೊರಡಲಿಲ್ಲ. ಆಮೇಲೆ ಅನ್ಸೊರೆನಾಗೆ ಹೇಳಿ ಕಳಿಸಿದೆ, ರಿಬ್ಬನ್ ಕತ್ತರಿಸಲು ಬರುತ್ತೇನೆ ಅಂತ.

ಮೊನ್ನೆ ಆ ಬದಿಗೆ ದಾಟಿದೆ. ಗೋಡೆಗೆಲ್ಲ ಬೆಣ್ಣೆಯ ಬಣ್ಣ, ಮೆಟ್ಟಿಲಿಗೆ ಕೆಂಪು ಹಾಸು. ಮೂರನೇ ಮಹಡಿಯಲ್ಲಿ ನೂರು ಜನ, ಮೇಯರ್, ಕ್ಯಾಮೆರಾ. ನಮ್ಮ ಬೋರ್ಡುಗಳನ್ನು ಕೊಯ್ದು ಮೇಜು ಮಾಡಿದ್ದಾರೆ. ಹಿಂದೆ ಫ್ರೆಸಿಯಾ ಹತ್ತಡಿ ಎತ್ತರ. ಶಾಲೆಯ ಗುಂಪು ಫೋಟೋದಿಂದ ಕಿತ್ತು ದೊಡ್ಡದು ಮಾಡಿದ್ದಾರೆ. ತುಟಿಗೆ ಬಣ್ಣ ಬಳಿದಿದ್ದಾರೆ. ಜೀವಮಾನದಲ್ಲಿ ತುಟಿಗೆ ಬಣ್ಣ ಹಚ್ಚಿದವಳಲ್ಲ ಅವಳು.

ಅನ್ಸೊರೆನಾ ಮೈಕು ಕೈಗಿತ್ತ. "ಎರಡೇ ಎರಡು ಮಾತು ಅಜ್ಜಿ."

"ಇವಳು ನನ್ನ ತಂಗಿ," ಅಂದೆ. "ಗೋಡೆ ಮೇಲಿರೋ ಆ ಮಾತು ಇವಳದ್ದಲ್ಲ. ಇವಳಿಗೂ ನಿಮ್ಮ ಹಾಗೇ ಜೀವದ ಆಸೆ ಇತ್ತು, ಹೊರಗೋಡಬೇಕಿತ್ತು. ಬಾಗಿಲಿಗೆ ಬೀಗ ಹಾಕಿತ್ತು. ಕಂಪನಿ ಹಾಕು ಅಂತು, ಹಾಕಿದ್ದು ನಾನು."

ಮೈಕು ಸತ್ತಿತು. ಅನ್ಸೊರೆನಾನ ಬೆರಳು ಕತ್ತಿನ ಮೇಲೆ ಅಡ್ಡ ಹೋಗಿದ್ದನ್ನು ನಾನೇ ನೋಡಿದೆ. ವಾದ್ಯದವರಿಗೂ ಸನ್ನೆ ಮಾಡಿದ, ಅವರು ಗಿಟಾರು ಬಾರಿಸತೊಡಗಿದರು. ಆದರೆ ಗುಂಯ್‌ಗುಡುವ ತಂತಿಗಳಲ್ಲಿ ಪ್ವೆರ್ತೊ ಮೊಂತ್‌ವರೆಗೆ ಕೂಗಿ ಪಳಗಿದ ಗಂಟಲು ಇದು, ಮೈಕು ಯಾರಿಗೆ ಬೇಕು? ಗಿಟಾರಿನ ಮೇಲೇ ಕೂಗಿದೆ. ಎಲ್ಲ ಹೇಳಿದೆ. ತಲೆ ಆಡಿಸಿದ್ದನ್ನೂ ಹೇಳಿದೆ. ಹೆಡ್‌ಫೋನ್ ಹಾಕಿಕೊಂಡ ಹುಡುಗಿಯೊಬ್ಬಳು ತಟ್ಟೆ ಹಿಡಿದು ಅಳುತ್ತ ನಿಂತಿದ್ದಳು. ಮೇಯರ್ ತನ್ನ ಬೂಟು ನೋಡಿಕೊಳ್ಳುತ್ತಿದ್ದ.

ಎರಡನೇ ಸಾಲಿನಿಂದ ಒತಿಲಿಯಾ ಎದ್ದಳು. ನಾನೇ ಕರೆಸಿದ್ದೆ. ಊರುಗೋಲು ಊರುತ್ತ ಮುಂದೆ ಬಂದಳು.

"ನೀನಾ?"

"ನಾನೇ."

"ಕೀಲಿ ಎಲ್ಲಿತ್ತೇ?"

"ಜೇಬಲ್ಲಿ."

"ನನ್ನ ಮದುವೇಲಿ ನನ್ನ ಪಕ್ಕ ನಿಂತಿದ್ದೆ ನೀನು. ಮಗಾಲಿ ಶವಪೆಟ್ಟಿಗೆ ಹಿಡ್ಕೊಂಡಿದ್ದೆ."

"ಹೌದು."

ಊರುಗೋಲೆತ್ತಿ ನನ್ನ ಮೊಣಕಾಲಿಗೆ ಬಿಟ್ಟಳು. ಒಂದೇ ಏಟು, ಚೆನ್ನಾಗಿ ಬಿತ್ತು. ಆಮೇಲೆ ತಿರುಗಿ ಒಬ್ಬಳೇ ಮೆಟ್ಟಿಲಿಳಿದು ಹೋದಳು.

ಮರುದಿನ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು: "ವೀರಯುವತಿಯ ಸಹೋದರಿ ಭಾವಾವೇಗಕ್ಕೊಳಗಾದರು, ನೀರು ಕೊಟ್ಟು ಸಂತೈಸಲಾಯಿತು." ನೀರು! ಯಾರೂ ಒಂದು ಲೋಟ ನೀರೂ ಕೊಡಲಿಲ್ಲ ನನಗೆ.

ಕುಂಟುತ್ತ ಬರೆದಿದ್ದೇನೆ. ನೊಲ್ಫಾ


ಆಂತೊಫಗಾಸ್ತಾ,
೨೦ ಜೂನ್ ೨೦೦೩

ನೊಲ್ಫಾ,

ನಿನ್ನ ಪತ್ರ ಓದಿ ಮಗಳಿಗೆ ಕೊಟ್ಟೆ. ಓದಿದಳು.

"ಎಲ್ಲಾರೂ ಸತ್ತೋಗಿದಾರಲ್ಲಮ್ಮಾ. ಈಗ ಯಾರಿಗೆ ಬೇಕಿದು?"

"ನಂಗೆ ಬೇಕು. ನಾನಿನ್ನೂ ಸತ್ತಿಲ್ಲ."

ನೋಟರಿಯ ಹತ್ತಿರ ಹೋದೆ. ಮಗಳು ಬಾಗಿಲವರೆಗೆ ಬಂದಳು, ಒಳಗೆ ಬರಲಿಲ್ಲ. ಅಲ್ಲಿನ ಗುಮಾಸ್ತ ಕಾಗದವನ್ನು ಎರಡು ಸಲ ಓದಿದ. "ಸೆನ್ಯೋರಾ, ಸುಳ್ಳು ಹೇಳಿದ್ದೆ ಅಂತ ಪ್ರಮಾಣ ಮಾಡ್ತಿದೀರಾ?"

"ಹೌದಪ್ಪ, ಸತ್ಯವಾಗ್ಲೂ."

ನಗಲಿಲ್ಲ ಅವನು. ನಾನೂ ನಗಲಿಲ್ಲ. ೧೯೬೦ರ ಹೇಳಿಕೆ ಕಂಪನಿ ಬರೆದದ್ದು, ಫ್ರೆಸಿಯಾ ಓಯಾರ್ಸೊ ಆ ಮಾತು ಆಡಲಿಲ್ಲ, ಬಾಗಿಲಿಗೆ ಬೀಗವಿದೆ ಎಂದು ತಾನೇ ನನಗೆ ಹೇಳಿದಳು, ಎಂದು ಬರೆಸಿ ಸಹಿ ಹಾಕಿದೆ. ಮೂರು ಪ್ರತಿ: ನಿಮ್ಮೂರಿನ ಪತ್ರಿಕೆಗೆ, ಆ ಅನ್ಸೊರೆನಾಗೆ, ಒತಿಲಿಯಾಗೆ. ನಿನ್ನ ಹೆಸರನ್ನು ನಾನು ಬರೆಸಲಿಲ್ಲ. ಅದನ್ನು ನೀನೇ ಹೇಳಿಯಾಗಿದೆ.

ಸಾಲುಸಾಲು ಕ್ಷಮೆ ಬರೆದು ಹರಿದೆ. ಓದಲು ಅಸಹ್ಯವಾಗಿತ್ತು.

ಸುನಿಲ್ದಾ


ವಾಲ್ದಿವಿಯಾ,
೧೪ ಜುಲೈ ೨೦೦೩

ಸುನಿಲ್ದಾ,

ನಿನ್ನ ಕಾಗದವನ್ನು ಪತ್ರಿಕೆ ಪೂರ್ತಿ ಅಚ್ಚು ಹಾಕಿತು, ಮೊದಲ ಪುಟದಲ್ಲಿ. ಮಾರನೆಯ ದಿನವೇ ಅನ್ಸೊರೆನಾ ಏನು ಮಾಡಿದ ಗೊತ್ತೇ? ಚಿತ್ರ ಇಳಿಸಿದ, ಅಕ್ಷರ ಕಿತ್ತ, ಗೋಡೆಗೆ ಕನ್ನಡಿ ಬಡಿದ. ಬಾರಿಗೆ ಈಗ 'ನದೀನೋಟ' ಅಂತ ಹೆಸರು. ಸುಳ್ಳಿನ ಜೊತೆ ಹುಡುಗಿಯನ್ನೂ ಗುಡಿಸಿ ಹಾಕಿದ. ವೀರೆಯಲ್ಲದಿದ್ದರೆ ಅವಳು ಅಲ್ಲಿ ಸತ್ತೇ ಇಲ್ಲ ಅನ್ನುವ ಹಾಗೆ.

ಹೋಗಿ ಕೇಳಿದೆ. "ಅಜ್ಜಿ, ನೀವೇ ತಾನೇ ಬೇಡ ಅಂದಿದ್ದು?" ಅಂದ.

ಆ ವಾರ ಒತಿಲಿಯಾ ನನ್ನ ಮನೆಗೆ ಬಂದಳು. ಕೂರಲಿಲ್ಲ. "ನಿನ್ನ ಜೊತೆ ಮಾತು ಬಿಟ್ಟಿದೀನಿ. ಆದ್ರೆ ಆ ಕನ್ನಡಿ ಕಂಡು ನಿನಗಿಂತ ಜಾಸ್ತಿ ಉರೀತು. ಕೋಟು ಹಾಕ್ಕೋ," ಅಂದಳು.

ಆವತ್ತಿನಿಂದ ದಿನಾ ಮಧ್ಯಾಹ್ನ ನಾವಿಬ್ಬರೂ ಅಲ್ಲಿ ಹೋಗಿ ಕೂರುತ್ತೇವೆ, ಹಜಾರದ ನಟ್ಟನಡುವಿನ ಮೇಜಿಗೆ. ಇಬ್ಬರಿಗೂ ಸೇರಿ ಒಂದು ಚಹಾ. ಪಕ್ಕದ ಮೇಜಿಗೆ ಯಾರು ಬಂದರೂ ಒತಿಲಿಯಾ ತಿರುಗಿ ಶುರುಮಾಡುತ್ತಾಳೆ: "ಎಲ್ಲಿಂದ ಬಂದ್ರಿ ಮಗಾ? ಜರ್ಮನಿಯಾ? ನೀವು ಕೂತಿದೀರಲ್ಲ, ಆ ಮೇಜಿಗೆ ಹೆಡ್‌ಫೋನ್ ಸಿಕ್ಕಿಸ್ಕೊಂಡು ಒಬ್ಬಳು ಸತ್ಳು. ಬೀಗ ಹಾಕಿದೋಳು ಇಲ್ಲೇ ಇದಾಳೆ, ನೋಡಿ, ಹಲ್ಲು ಕಟ್ಟಿಸಿಕೊಂಡಿದಾಳೆ." ನಾನು ತಲೆ ತಗ್ಗಿಸುವುದಿಲ್ಲ. "ಹೌದು, ನಾನೇ," ಅಂದು ಉಳಿದದ್ದನ್ನು ಹೇಳುತ್ತೇನೆ. ಅಂದು ಅತ್ತಿದ್ದ ಹುಡುಗಿ ನಮ್ಮ ಚಹಾಕ್ಕೆ ಬಿಸಿನೀರು ಸುರಿಯುತ್ತಲೇ ಇರುತ್ತಾಳೆ. ಅನ್ಸೊರೆನಾ ಪೊಲೀಸರನ್ನು ಕರೆಸಿದ. ಬಂದವನ ಅಜ್ಜಿ ಒತಿಲಿಯಾಳ ಹತ್ತಿರ ಮೀನು ಕೊಳ್ಳುತ್ತಿದ್ದವಳು. ಅವನೂ ಕೂತು ಚಹಾ ಕುಡಿದು ಹೋದ.

ಏಳನೇ ದಿನಕ್ಕೆ ಅನ್ಸೊರೆನಾ ಸೋತ. ಬಾಗಿಲ ಪಕ್ಕ ಹಿತ್ತಾಳೆಯ ಫಲಕ ಹಾಕಿಸುತ್ತೇನೆ, ಮನೆಗೆ ಹೋಗಿ ಎಂದ. ಬರೆದು ತಂದ ಮಾತು: "ಭೂಕಂಪದ ವೇಳೆ ಬಾಗಿಲು ಮುಚ್ಚಿತ್ತು."

"ಗಾಳಿಗೆ ಮುಚ್ಕೊಂತಾ?" ಅಂದಳು ಒತಿಲಿಯಾ.

ತಿದ್ದಿ ತಂದ: "ಬಾಗಿಲಿಗೆ ಬೀಗ ಹಾಕಲಾಗಿತ್ತು."

"ಹಾಕಲಾಗಿತ್ತು ಅಂದ್ರೆ ಏನೋ?" ನಾನಂದೆ. "ಬೀಗ ತಾನಾಗೇ ಹಾಕ್ಕೊಳ್ಳಲ್ಲ. ಯಾರು ಅಂತ ಬರಿ."

"ಅಜ್ಜಿ, ನಿಮ್ಮ ಹೆಸರು ಇಡೀ ಊರು ಓದುತ್ತೆ. ನೀವು ಹೋದ ಮೇಲೂ ಓದುತ್ತೆ."

"ಅದಕ್ಕೇ ಬರಿ ಅನ್ನೋದು."

ಈಗ ಅಲ್ಲಿ ಇದಿದೆ: "೨೨ ಮೇ ೧೯೬೦. ಈ ಹಜಾರದಲ್ಲಿ ಫ್ರೆಸಿಯಾ ಓಯಾರ್ಸೊ ಸತ್ತಳು. ಒತಿಲಿಯಾ ವೆರಾ, ಮಗಾಲಿ ಸೊಟೊ ಕಿಟಕಿಯಿಂದ ಹಾರಿ ಬದುಕಿದರು, ಅದಕ್ಕಾಗಿ ಕೆಲಸ ಕಳೆದುಕೊಂಡರು. ಕಂಪನಿಯ ಅಪ್ಪಣೆಯಂತೆ ನೊಲ್ಫಾ ಓಯಾರ್ಸೊ ಹೊರಗಿನಿಂದ ಬೀಗ ಹಾಕಿದಳು." ಅನ್ಸೊರೆನಾ ಕೈಕುಲುಕ ಬಂದ, ಕೊಡಲಿಲ್ಲ. ಜನ ಬಾಗಿಲಲ್ಲಿ ನಿಂತು ಓದುತ್ತಾರೆ. ಕೆಲವರು ಒಳಗೆ ಬರದೆ ಇಳಿದು ಹೋಗುತ್ತಾರೆ, ಕೆಲವರು ಓದಿಯೂ ಬಂದು ಕುಡಿಯುತ್ತಾರೆ. ಒತಿಲಿಯಾ ಮತ್ತೆ ಮಾತು ಬಿಟ್ಟಿದ್ದಾಳೆ. ಫಲಕ ಆಯಿತಲ್ಲ, ಇನ್ನು ನನ್ನ ಮುಖ ನೋಡಬೇಕಾದ್ದಿಲ್ಲ ಅಂದಳು.

ಸುನಿಲ್ದಾ, ಒಂದು ಕೇಳುತ್ತೇನೆ. ಹದಿನಾರು ನಿಮಿಷ ಅವಳು ನಿನ್ನ ತಂತಿಯಲ್ಲಿದ್ದಳು. ನೀನು ಬರೆದದ್ದು ಒಂದು ಸಾಲು. ಉಳಿದದ್ದೇನು? ನನ್ನನ್ನು ಶಪಿಸಿದಳೇ? ಶಪಿಸಿದ್ದರೆ ಅದೇ ಮಾತಿನಲ್ಲಿ ಬರೆ. ಮೆತ್ತಗೆ ಮಾಡಬೇಡ.

ನೊಲ್ಫಾ


ಆಂತೊಫಗಾಸ್ತಾ,
೧ ಆಗಸ್ಟ್ ೨೦೦೩

ನೊಲ್ಫಾ,

ನಾನು ಆ ಒಂದು ಸಾಲನ್ನು ನಿನಗೆ ಚೂರಿಯ ಹಾಗೆ ಬರೆದೆ. ಅವಳು ಹಾಗೆ ಹೇಳಿರಲಿಲ್ಲ. ನೆನಪಿರುವಷ್ಟನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ.

ಮೊದಲ ನಡುಕ ನಿಂತ ಕೂಡಲೇ ಕರೆದಳು. "ಏಯ್ ಒಸೊರ್ನೊ! ಇದೀಯಾ, ಹೋದೆಯಾ?"

"ಇದೀನಿ ಕಣೇ."

"ಇಲ್ಲಿ ಊರೆಲ್ಲಾ ಬೀದೀಲಿ. ಬೇಕರಿಯೋನು ಒಳಚಡ್ಡೀಲಿ ನಿಂತಿದಾನೆ, ಕಿಟಕಿಯಿಂದ ಕಾಣುತ್ತೆ. ಬಿಳೀ ಕಾಲು, ಹಿಟ್ಟು ಮೆತ್ಕೊಂಡಿರೋ ಹಾಗೆ!" ನಗುತ್ತಿದ್ದಳು. ಅಷ್ಟರಲ್ಲಿ ಕರೆಗಳು ಬಂದವು. ಸೈನಿಕರ ಪಾಳೆಯದಲ್ಲಿದ್ದ ಮಗನನ್ನು ಹುಡುಕುವ ತಾಯಿಯೊಬ್ಬಳಿಗೆ ಅವಳೇ ನಾಲ್ಕು ಸಲ ಪ್ರಯತ್ನಿಸಿ ಲೈನ್ ಕೊಡಿಸಿದಳು. ಆ ತಾಯಿಗೆ ಮಗ ಸಿಕ್ಕ. ಮತ್ತೆ ನನ್ನ ಕಿವಿಗೆ ಬಂದಳು, ಈ ಸಲ ಕೆರಳಿ.

"ಬಾಗಿಲಿಗೆ ಬೀಗ ಬಿದ್ದಿದೆ. ಹಾಕಿದ್ದು ನಮ್ಮಕ್ಕ, ಕೇಳಿದೆಯಾ? ಆ ಕೀಲಿ ಝಣಝಣ ನಂಗೆ ಗೊತ್ತಾಗಲ್ವಾ? ಸೊಂಟಕ್ಕೆ ಕೀಲಿ ಬಂದಿದ್ದೇ ಬಂದಿದ್ದು, ತಲೆ ನಿಲ್ತಾ ಇಲ್ಲ ಅವಳಿಗೆ. ನನ್ನ ಬೂಟು ಬೇರೆ ಹಾಕ್ಕೊಂಡು ಬಂದಿದಾಳೆ, ಕೇಳದೇನೇ! ಬರಲಿ ಮೇಲೆ. ಜುಟ್ಟು ಹಿಡಿದು ಒಂದೊಂದು ಮೆಟ್ಟಿಲೂ ಎಳೀತೀನಿ. ಅಮ್ಮನ ಮುಂದೇನೇ ಎಳೀತೀನಿ."

"ಹೆದರಿಕೆ ಆಗ್ತಿದೆಯೇನೇ?" ಅಂತ ಕೇಳಿದೆ.

"ಹೆದರಿಕೆ ಯಾಕೆ? ಮೂತ್ರಕ್ಕೆ ಹೋಗ್ಬೇಕು ನಂಗೆ!"

ಮತ್ತೆ ಕರೆಗಳು. ಕಡೆಯದಾಗಿ, "ಅಗೋ, ಕೆಳಗೆ ನಿಂತಿದಾಳೆ ಮಹಾರಾಣಿ, ಮೇಲೆ ನೋಡ್ತಿದಾಳೆ," ಅಂದಳು. ಗಾಜಿಗೆ ಕೈ ಬಡಿದ ಸದ್ದು ಕೇಳಿಸಿತು. "ನೊಲ್ಫಾ! ಏ ಕತ್ತೆ! ಬಂದು ಬಾಗಿಲು ತೆಗಿಯೇ!"

ಆಮೇಲೆ ತಂತಿ ಸತ್ತಿತು. ಇಷ್ಟೇ. ಶಾಪ ಇರಲಿಲ್ಲ. ಬೈಗುಳ ಇತ್ತು.

ಸುನಿಲ್ದಾ


ವಾಲ್ದಿವಿಯಾ,
೧೨ ಆಗಸ್ಟ್ ೨೦೦೩

ಸುನಿಲ್ದಾ,

ಬೂಟು ಅವಳದೇ. ಕಂದು ಬಣ್ಣದ್ದು, ಎಡಗಾಲಿಗೆ ಬಿಗಿ. ಅದು ನನಗೂ ಅವಳಿಗೂ ಬಿಟ್ಟರೆ ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗಾಜಿನ ಹಿಂದೆ ಅವಳ ಬಾಯಿ ಆಡುವುದನ್ನು ನಾನು ಕಂಡಿದ್ದೆ. ಕೇಳಿಸಿರಲಿಲ್ಲ. ನಲವತ್ಮೂರು ವರ್ಷ ಆ ಬಾಯಿಗೆ ನಾನೇ ಮಾತು ತುಂಬಿದೆ, ಒಂದಕ್ಕಿಂತ ಒಂದು ಭಯಂಕರ. ಕತ್ತೆ ಅಂದಳೇ! ಮನೆಯಲ್ಲಿ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದಳು.

ಪತ್ರ ಹಿಡಿದುಕೊಂಡು ಒತಿಲಿಯಾಳ ಮನೆಗೆ ಹೋದೆ. ಬಾಗಿಲ ಸಂದಿಯಿಂದ ಒಳಗೆ ತಳ್ಳಿದೆ. ಒಳಗೆ ಅವಳು ಓದುವುದು ಕೇಳಿಸಿತು, ಬೇಕರಿಯವನ ಕಾಲಿನ ಹತ್ತಿರ ಬಂದಾಗ ನಕ್ಕದ್ದೂ ಕೇಳಿಸಿತು. ಬಾಗಿಲು ತೆಗೆಯಲಿಲ್ಲ. ತೆಗೆಯಬೇಕಾದ್ದೂ ಇಲ್ಲ.

ಆದರೆ ನಿನ್ನ ಮೇಲೆ ನನ್ನ ಸಿಟ್ಟು ಇಳಿದಿಲ್ಲ, ಏರಿದೆ. ಕಂಪನಿಯ ಸುಳ್ಳಿಗೆ ಸಹಿ ಹಾಕಿದ್ದನ್ನು ಹೇಗೋ ನುಂಗಿಕೊಂಡೇನು. ಈ ಹದಿನಾರು ನಿಮಿಷವನ್ನು ನಿನ್ನೊಬ್ಬಳ ಹತ್ತಿರವೇ ಇಟ್ಟುಕೊಂಡೆಯಲ್ಲ, ನಮ್ಮಮ್ಮ ಬದುಕಿದ್ದಾಗ ಇದನ್ನು ಹೇಳಿದ್ದರೆ ಅವಳು ಆ ಪದಕವನ್ನು ಕಿತ್ತೆಸೆದು ಒಮ್ಮೆ ನಗುತ್ತಿದ್ದಳು. ಇದಕ್ಕೆ ಕ್ಷಮೆಯಿಲ್ಲ. ಕೇಳಲೂ ಬೇಡ.

ಇನ್ನು ಪತ್ರ ಬರೆಯಬೇಡ. ಬಸ್ಸು ಹತ್ತಿ ಬಾ, ಸಾಂತಿಯಾಗೊದಲ್ಲಿ ಒಂದು ದಿನ ತಂಗಿ ಬಾ, ಮೊಣಕಾಲಿಗೆ ಏನಾದರೂ ಕಟ್ಟಿಕೊಂಡು ಬಾ. ನಿನ್ನ ಮುಖ ಹೇಗಿದೆಯೋ ನನಗೆ ಗೊತ್ತಿಲ್ಲ. ನಿಲ್ದಾಣದಲ್ಲಿ ಹಲೋ ಅನ್ನು, ದನಿಯಿಂದ ಗುರುತು ಹಿಡಿಯುತ್ತೇನೆ. ಎದುರಿಗೆ ಕೂರಿಸಿಕೊಂಡು ಬೈಯಬೇಕು ನಿನ್ನನ್ನು, ಫ್ರೆಸಿಯಾ ಬೈಯುತ್ತಿದ್ದ ಹಾಗೆ.

ನೊಲ್ಫಾ